ಸಮುದ್ರದ ದಡದಲ್ಲಿ ಅಡಗೋಕೆ ಜಾಗ ಇಲ್ಲ

ಮೂಡಿಗೆರೆ ಕಡೆಯವರು ಹಕ್ಕಿ ಫೋಟೊ ತೆಗೆಯಲು ಸಮುದ್ರಕ್ಕೆ ಹೋಗುತ್ತಾರೆ ಅಂದರೆ ನಮ್ಮೂರಲ್ಲಿ ನಗುತ್ತಾರೆ. ನಗುವುದರಲ್ಲಿ ತಪ್ಪೇನಿಲ್ಲ. ಅತ್ತಿಹಣ್ಣು ಬಿಟ್ಟ ಕಾಲದಲ್ಲಿ ಕಾಫಿ ಕಣದ ಪಕ್ಕದ ಮರಕ್ಕೇ ಮಂಗಟ್ಟೆ ಬರುತ್ತದೆ. ಕೆರೆ ಏರಿ ಮೇಲೆ ಮಿಂಚುಳ್ಳಿ, ತೋಟದೊಳಗೆ ಕಾಜಾಣ, ಪಿಕಳಾರ, ಕಾಡುಕೋಳಿ. ಇಷ್ಟೆಲ್ಲ ಬಿಟ್ಟು ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಇಳಿದು, ಬೆವರು ಸುರಿಸುತ್ತಾ ಮರಳಲ್ಲಿ ಬೋರಲು ಮಲಗುವುದು ಯಾಕೆ ಅಂತ ಅಣ್ಣ ಕೇಳುತ್ತಲೇ ಇರುತ್ತಾನೆ. ಅದೂ ಕೊಯ್ಲಿನ ಸಮಯದಲ್ಲಿ. ಕರಾವಳಿಯಲ್ಲಿ ವಲಸೆ ಹಕ್ಕಿಗಳು ಇರುವುದು ಹೆಚ್ಚುಕಮ್ಮಿ ಅಕ್ಟೋಬರಿನಿಂದ ಮಾರ್ಚ್ ತನಕ. ನಮ್ಮ ಅರೇಬಿಕ, ರೊಬಸ್ಟ ಎರಡರ ಕೊಯ್ಲೂ ಅದೇ ತಿಂಗಳುಗಳಲ್ಲಿ ಬೀಳುತ್ತದೆ. ಹಕ್ಕಿ ಹುಚ್ಚು ಹಿಡಿದ ಪ್ಲಾಂಟರ್‌ಗೆ ಮನೆಯಲ್ಲಿ ಮರ್ಯಾದೆ ಅಷ್ಟಕ್ಕಷ್ಟೇ.

ಕೇಳಿದವರಿಗೆ ನಾನು ಕೊಡುವ ಉತ್ತರ: ಬೆಳಕು. ಸಿಲ್ವರ್ ಓಕ್ ನೆರಳಿನ ಕೆಳಗೆ ಬೆಳಿಗ್ಗೆ ಎಂಟಾದರೂ ಐಎಸ್‌ಓ (ಬೆಳಕು ಕಮ್ಮಿ ಇದ್ದಷ್ಟೂ ಕ್ಯಾಮೆರಾದಲ್ಲಿ ಏರಿಸಬೇಕಾದ ಅಳತೆ) 3200ಕ್ಕಿಂತ ಇಳಿಸೋಕಾಗಲ್ಲ, ಅಷ್ಟು ಮಾಡಿದರೂ ಸಿಗುವುದು ಎಲೆ ಮರೆಯ ಅರ್ಧ ಹಕ್ಕಿ. ದಡದಲ್ಲಿ ಏಳು ಗಂಟೆಗೆಲ್ಲ ಬೇಕಾದಷ್ಟು ಬೆಳಕು. ಆದರೆ ಇದು ಸುಮ್ನೆ ಬಾಯಿ ಮುಚ್ಚಿಸೋಕೆ ಹೇಳುವ ಉತ್ತರ. ನಿಜವಾದ ಕಾರಣ ಬೇರೆ ಇದೆ, ಅದನ್ನು ಹೇಳೋಕೆ ಸ್ವಲ್ಪ ಉದ್ದ ಬೇಕು.

ತೋಟದಲ್ಲಿ ಹಕ್ಕಿ ನೋಡುತ್ತಾ ಬೆಳೆದವರಿಗೆ ಅಡಗುವ ಅಭ್ಯಾಸ ಇರುತ್ತದೆ. ಗಿಡದ ಸಾಲಿನಲ್ಲಿ ಬಗ್ಗಿ ನಡೆಯುವುದು, ಮರದ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುವುದು, ಹಸಿರು ಅಂಗಿ ಹಾಕಿಕೊಳ್ಳುವುದು. ಹಕ್ಕಿಗೆ ನಾವು ಇರುವುದೇ ಗೊತ್ತಾಗಬಾರದು, ಅಷ್ಟೇ ಲೆಕ್ಕ. ಸಮುದ್ರದ ದಡದಲ್ಲಿ ಈ ಆಟ ನಡೆಯಲ್ಲ. ಅಲ್ಲಿ ಬಗ್ಗಲು ಗಿಡವಿಲ್ಲ, ನಿಲ್ಲಲು ಮರವಿಲ್ಲ. ನೀವು ಕಾರಿನ ಬಾಗಿಲು ತೆಗೆದಾಗಲೇ ದೂರದ ಮರಳು ದಿಣ್ಣೆ ಮೇಲೆ ಕೂತ ಗಲ್ ಹಕ್ಕಿಗಳು ನಿಮ್ಮನ್ನು ನೋಡಿ ಆಗಿರುತ್ತದೆ. ಮತ್ತೆ ಕದ್ದು ಕದ್ದು ಹೋದಿರೋ, ಇನ್ನೂ ಕೆಟ್ಟದು, ಯಾಕೆಂದರೆ ನರಿಯೂ ನಾಯಿಯೂ ಬರುವುದು ಹಾಗೇ ಅಲ್ವಾ. ಹಾಗಾಗಿ ಅಲ್ಲಿ ಬೇರೆಯದೇ ವಿದ್ಯೆ ಬೇಕು. ಕಾಣಿಸಿಕೊಂಡೇ ಇರಬೇಕು, ಆದರೆ ಅವುಗಳಿಗೆ ನಮ್ಮ ಮೇಲೆ ಆಸಕ್ತಿ ಉಳಿಯಬಾರದು.

ಉಡುಪಿ ಕಡೆಯ ಕೋಡಿ ಬೆಂಗ್ರೆಯ ಅಳಿವೆ ನನಗೆ ಇದನ್ನು ಕಲಿಸಿತು. ಸುವರ್ಣಾ ನದಿ ಸಮುದ್ರ ಸೇರುವ ಜಾಗ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಉದ್ದಕ್ಕೆ ಮರಳು. ಚಳಿಗಾಲದಲ್ಲಿ ಅಲ್ಲಿ ಬ್ರೌನ್ ಹೆಡೆಡ್ ಗಲ್‌ಗಳು, ಟರ್ನ್‌ಗಳು, ಪುಟ್ಟ ಪುಟ್ಟ ಪ್ಲವರ್‌ಗಳು ಒಟ್ಟಿಗೆ ಕೂರುತ್ತವೆ. ಮೀನುಗಾರರು ಕೈರಂಪಣಿ, ಅಂದರೆ ದಡದಲ್ಲಿ ನಿಂತು ಕೈಯಲ್ಲೇ ಎಳೆಯುವ ಉದ್ದ ಬಲೆ, ಎಳೆಯುವ ದಿನವಾದರೆ ಮೇಲೆ ಗರುಡಗಳೂ ಸುತ್ತುತ್ತಿರುತ್ತವೆ. ಬಲೆ ಎಳೆಯುವವರು ಇಪ್ಪತ್ತು ಮೂವತ್ತು ಜನ, ಕೂಗು, ಓಡಾಟ, ಬೈಗುಳ ಎಲ್ಲ ಇರುತ್ತದೆ, ಆದರೂ ಹಕ್ಕಿಗಳು ಹತ್ತು ಹೆಜ್ಜೆ ಸರಿದು ಮತ್ತೆ ಕೂರುತ್ತವೆ. ಅದೇ ಹಕ್ಕಿಗಳು, ಉದ್ದ ಲೆನ್ಸ್ ಹಿಡಿದು ನೇರವಾಗಿ ಅವುಗಳ ಕಡೆಗೇ ನಡೆದು ಬರುವ ಒಬ್ಬನೇ ಒಬ್ಬ ಮನುಷ್ಯನಿಗೆ ನೂರು ಮೀಟರ್ ದೂರದಲ್ಲೇ ಎದ್ದು ಹೋಗುತ್ತವೆ. ಗಲಾಟೆಗಿಂತ ಅವಕ್ಕೆ ನಮ್ಮ ಉದ್ದೇಶದ ಭಯ ಜಾಸ್ತಿ.

ನಾನು ಈಗ ಮಾಡುವುದು ಇಷ್ಟು. ಉಬ್ಬರ ಏರುವ ಹೊತ್ತು ನೋಡಿಕೊಂಡು ಮೊದಲೇ ಹೋಗುತ್ತೇನೆ. ಮರಳಲ್ಲಿ ಒಂದು ಕಡೆ ಕೂತು, ಆಮೇಲೆ ಮಲಗಿ, ಸುಮ್ಮನಿರುತ್ತೇನೆ. ನೀರು ಏರಿದಂತೆ ಹಕ್ಕಿಗಳ ಜಾಗ ಕಮ್ಮಿಯಾಗುತ್ತದೆ, ಅವೇ ನನ್ನ ಕಡೆಗೆ ಸರಿಯುತ್ತವೆ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ಅಂತರ ದೊಡ್ಡದಲ್ಲ, ಆದರೆ ಮರಳು ಚಪ್ಪಟೆ ಇರುವ ಕಡೆ ಅಷ್ಟೇ ಸಾಕು. ಬರುವುದೂ ಬಾರದಿರುವುದೂ ಅವುಗಳಿಗೆ ಬಿಟ್ಟಿದ್ದು.

ಹೀಗೆ ಮಲಗಿದ್ದಾಗಲೇ ಸ್ಯಾಂಡರ್ಲಿಂಗ್‌ಗಳನ್ನು ಹತ್ತಿರದಿಂದ ನೋಡಿದ್ದು. ಅಲೆ ಹಿಂದೆ ಸರಿದಾಗ ಅದರ ಬೆನ್ನಟ್ಟಿ ಓಡಿ, ಒದ್ದೆ ಮರಳಲ್ಲಿ ಕೊಕ್ಕು ಚುಚ್ಚಿ, ಮುಂದಿನ ಅಲೆ ಬರುವಷ್ಟರಲ್ಲಿ ವಾಪಸ್ ಓಡುವ ಪುಟ್ಟ ಬಿಳಿ ಬೂದು ಹಕ್ಕಿ. ತೂಕ 50-60 ಗ್ರಾಂ ಆಸುಪಾಸು. ಮರಿ ಮಾಡುವುದು ಉತ್ತರ ಧ್ರುವದ ಹತ್ತಿರದ ಮಂಜು ಬಯಲಿನಲ್ಲಿ. ಅದಕ್ಕೆ ಕಾಲಿನ ಹಿಂಬೆರಳೇ ಇಲ್ಲ. ಹತ್ತಿರದ ಬೇರೆ ಹಕ್ಕಿಗಳಿಗೆ ಇರುವ ಆ ಬೆರಳು ಇದಕ್ಕಿಲ್ಲ, ಬರೀ ಮೂರು ಬೆರಳು, ಮೂರೂ ಮುಂದಕ್ಕೆ. ಓಡಿ ಓಡಿ ಬದುಕುವ ಹಕ್ಕಿ. ಮರಳಲ್ಲಿ ಅದು ಬಿಟ್ಟ ಗುರುತಿನಲ್ಲೂ ಇದು ಕಾಣುತ್ತದೆ, ಮುಂದಿನ ಅಲೆ ಬಂದು ಅಳಿಸುವ ತನಕ.

ಇನ್ನೊಂದು ನೋಡಿದ್ದು ಪ್ಲವರ್‌ಗಳ ನಿದ್ದೆ. ಗಾಳಿ ಜೋರಾದಾಗ ಈ ಪುಟ್ಟ ಹಕ್ಕಿಗಳು ಮರಳಿನ ಗುಂಡಿಗಳಲ್ಲಿ ಇಳಿದು ಕೂರುತ್ತವೆ. ಯಾರದೋ ಹೆಜ್ಜೆ ಗುರುತು ಸಿಕ್ಕರೆ ಅದರೊಳಗೆ ಒಂದು. ಬೈಕ್, ಜೀಪ್ ಹೋದ ಗಾಲಿಯ ಜಾಡು ಸಿಕ್ಕರೆ ಅದರುದ್ದಕ್ಕೂ ಸಾಲಾಗಿ, ಎಲ್ಲ ಗಾಳಿ ಬರುವ ಕಡೆಗೆ ಮುಖ ಮಾಡಿ. ಬರಿಗಣ್ಣಿಗೆ ಕಾಣುವುದೇ ಇಲ್ಲ, ಮರಳಿನದೇ ಬಣ್ಣ. ಲೆನ್ಸ್ ತಿರುಗಿಸುತ್ತಾ ಹೋದರೆ ಒಂದು ಕಣ್ಣು ಸಿಗುತ್ತದೆ, ಅದರ ಪಕ್ಕ ಇನ್ನೊಂದು. ಮುಂದಿನ ಬೈಕಿನವರು ಅದೇ ಜಾಡಿನಲ್ಲೇ ಗಾಡಿ ಓಡಿಸುತ್ತಾರೆ, ಗಟ್ಟಿ ಇರುತ್ತದೆ ಅಂತ. ಬೀಚ್ ಮೇಲೆ ಬೈಕ್ ಓಡಿಸಬೇಡ್ರಪ್ಪ ಅಂತ ನಾನು ಹೇಳುವುದು ಇದಕ್ಕೇ.

ಈಗ ನನ್ನ ತಕರಾರಿಗೆ ಬರುತ್ತೇನೆ. ವಾಟ್ಸಾಪ್ ಗ್ರೂಪುಗಳಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಸಮುದ್ರದ ಹಕ್ಕಿ ಅಂದರೆ ಜಾಸ್ತಿ ಓಡುವುದು ಒಂದೇ ನಮೂನೆಯ ಫೋಟೊ: ಇಡೀ ಗುಂಪು ಒಟ್ಟಿಗೆ ಮೇಲೆದ್ದಿದೆ, ಫ್ರೇಮ್ ತುಂಬ ರೆಕ್ಕೆ, ಹಿಂದೆ ಕಡಲು. ನೋಡಲು ಚೆಂದವೇ. ಆದರೆ ಆ ಗುಂಪು ಯಾಕೆ ಎದ್ದಿತು? ಕೆಲವೊಮ್ಮೆ ಗಿಡುಗ ಬಂದಿರುತ್ತದೆ. ಬಹಳ ಸಲ ಎಬ್ಬಿಸಿದವರು ಫೋಟೊ ತೆಗೆದವರೇ, ಇಲ್ಲವೇ ಅವರ ಜೊತೆಗೆ ಬಂದು ಆ ಕಡೆಯಿಂದ ಓಡಿದ ಗೆಳೆಯ. ದಡದಲ್ಲಿ ಕೂತ ಹಕ್ಕಿ ಸುಮ್ಮನೆ ಕೂತಿದೆ ಅಂತ ನಮಗೆ ಅನಿಸುತ್ತದೆ. ಅದು ತಿಂದದ್ದನ್ನು ಅರಗಿಸಿಕೊಳ್ಳುತ್ತಿದೆ, ಪುಕ್ಕ ಒಪ್ಪ ಮಾಡಿಕೊಳ್ಳುತ್ತಿದೆ, ವಾಪಸ್ ಹಾರಲು ಮೈಯಲ್ಲಿ ಕೊಬ್ಬು ಕೂಡಿಸುತ್ತಿದೆ. ಮಾರ್ಚ್ ಹೊತ್ತಿಗೆ ಬ್ರೌನ್ ಹೆಡೆಡ್ ಗಲ್‌ಗಳ ತಲೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಚಳಿಗಾಲವಿಡೀ ಕಿವಿಯ ಹತ್ತಿರ ಒಂದು ಕಪ್ಪು ಚುಕ್ಕೆ ಬಿಟ್ಟರೆ ಬೆಳ್ಳಗಿದ್ದ ತಲೆ ಅದು. ಹಾಗಾಯಿತು ಅಂದರೆ ಹೊರಡುವ ದಿನ ಹತ್ತಿರ ಅಂತ. ಮುಂದೆ ಹಿಮಾಲಯ ದಾಟಿ ಲಡಾಖ್, ಟಿಬೆಟ್ ಕಡೆಯ ಸರೋವರಗಳಿಗೆ ಹೋಗಬೇಕು. ಅಂಥ ಹೊತ್ತಲ್ಲಿ ದಿನಕ್ಕೆ ಹತ್ತು ಸಲ ಎಬ್ಬಿಸಿದರೆ ಆ ಖರ್ಚು ಯಾರ ಲೆಕ್ಕಕ್ಕೆ?

ಈ ವಿಷಯ ನನಗೆ ಇನ್ನೂ ಚೆನ್ನಾಗಿ ಅರ್ಥವಾಗಿದ್ದು ಹಕ್ಕಿಯಿಂದ ಅಲ್ಲ, ಸೀಲ್‌ಗಳಿಂದ. ಸೀಲ್ ಅಂದರೆ ಕಡಲಲ್ಲಿ ಬದುಕಿ, ಮರಿ ಹಾಕಲು ದಡಕ್ಕೆ ಬರುವ ಪ್ರಾಣಿ, ನಮ್ಮ ಕಡಲಲ್ಲಿ ಇಲ್ಲ. ಅಕ್ಕನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ, ಒಂದು ನವೆಂಬರಿನಲ್ಲಿ ಅಲ್ಲಿಗೆ ಹೋಗಿದ್ದೆ. ಅರೇಬಿಕ ಹಣ್ಣಾಗುವ ಹೊತ್ತಿಗೆ ಸರಿಯಾಗಿ ಹೊರಟವನಿಗೆ ಅಣ್ಣ ಏನಂದ ಅಂತ ಇಲ್ಲಿ ಬರೆಯುವ ಹಾಗಿಲ್ಲ. ಅವಳು ಲಿಂಕನ್‌ಶೈರ್ ಕರಾವಳಿಯ ಡೋನಾ ನೂಕ್ ಅನ್ನುವ ಜಾಗಕ್ಕೆ ಕರೆದುಕೊಂಡು ಹೋದಳು. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ತನಕ ಅಲ್ಲಿ ಗ್ರೇ ಸೀಲ್‌ಗಳು ದಡಕ್ಕೆ ಬಂದು ಮರಿ ಹಾಕುತ್ತವೆ. ಈಚಿನ ವರ್ಷಗಳಲ್ಲಿ ಒಂದು ಸೀಸನ್ನಿಗೆ 2 ಸಾವಿರಕ್ಕೂ ಹೆಚ್ಚು ಮರಿಗಳು. ಪಕ್ಕದಲ್ಲೇ ವಾಯುಪಡೆಯ ಬಾಂಬ್ ತರಬೇತಿಯ ಜಾಗ, ಯುದ್ಧ ವಿಮಾನಗಳು ತಲೆ ಮೇಲೆ ಗುಡುಗುತ್ತಾ ಹೋಗುತ್ತವೆ. ಸೀಲ್‌ಗಳು ಕಣ್ಣೂ ಬಿಡಲ್ಲ.

ದಿಬ್ಬದ ಬುಡದಲ್ಲಿ ಒಂದು ಮರದ ಬೇಲಿ ಇದೆ. ಜನ ಈ ಕಡೆ, ಸೀಲ್ ಆ ಕಡೆ. ಬೇಲಿಗೆ ಒರಗಿಕೊಂಡೇ ಮರಿ ಹಾಕಿದ ತಾಯಿಗಳೂ ಇದ್ದವು. "ಮಾವ, ಕೈ ಒಳಗೆ ಹಾಕಬೇಡಿ, ಕಚ್ಚಿದರೆ ಬಿಡಲ್ಲ" ಅಂತ ಅವಳು ಎರಡು ಸಲ ಹೇಳಿದಳು. ಮೊದಲು ಕಂಡ ಸೀಲ್ ಕೆಸರಲ್ಲಿ ಬಿದ್ದ ಗೋಣಿಚೀಲದ ಹಾಗಿತ್ತು. ಆಮೇಲೆ ಆ ಚೀಲ ಮೈ ಕೆರೆದುಕೊಂಡಿತು. ಮುಂದಿನ ರೆಕ್ಕೆಯಂಥ ಕೈಯಲ್ಲಿ ಐದು ಉದ್ದ ಉಗುರು, ಅದರಲ್ಲಿ ಹೊಟ್ಟೆಯನ್ನು ನಿಧಾನಕ್ಕೆ, ಬಹಳ ಹೊತ್ತು ಕೆರೆದುಕೊಂಡಿತು. ಕಣ್ಣಿನ ಕೆಳಗೆ ಒದ್ದೆ ಗೆರೆ. ಪಕ್ಕದಲ್ಲಿದ್ದ ಮಗು ಅದು ಅಳುತ್ತಿದೆ ಅಂತ ತನ್ನ ಅಮ್ಮನಿಗೆ ತೋರಿಸುತ್ತಿತ್ತು. ಅಳುವುದಲ್ಲ, ನಮಗೆ ಕಣ್ಣೀರು ಮೂಗಿಗೆ ಇಳಿಯಲು ಒಳಗೆ ಒಂದು ನಾಳ ಇದೆ, ಸೀಲ್‌ಗಳಿಗೆ ಆ ನಾಳ ಇಲ್ಲ. ಹಾಗಾಗಿ ಕಣ್ಣೀರು ಸೀದಾ ಕೆನ್ನೆಗೇ ಇಳಿಯುತ್ತದೆ. ಅಳುವ ಸೀಲ್ ಅಂತ ಓಡಾಡುವ ಎಷ್ಟೋ ಫೋಟೊಗಳ ಗುಟ್ಟು ಇಷ್ಟೇ.

ಮರಿ ಹುಟ್ಟುವಾಗ 14 ಕಿಲೋ ಆಸುಪಾಸು, ಮೈತುಂಬ ಬಿಳಿ ಕೂದಲು. ತಾಯಿಯ ಹಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಬ್ಬೇ ಇರುತ್ತದೆ. ಮೂರು ವಾರದೊಳಗೆ ಮರಿ ಮೂರು ಪಟ್ಟು ತೂಗುತ್ತದೆ. ಅಷ್ಟು ದಿನವೂ ತಾಯಿ ಉಪವಾಸ, ತನ್ನ ಮೈ ಕರಗಿಸಿಯೇ ಹಾಲು ಕೊಡಬೇಕು. ಆಮೇಲೆ ಒಂದು ದಿನ ಎದ್ದು ಕಡಲಿಗೆ ಹೋಗಿಬಿಡುತ್ತದೆ, ತಿರುಗಿ ಬರಲ್ಲ. ಮರಿ ಆ ಕೊಬ್ಬಿನ ಮೇಲೇ ಕೆಲವು ವಾರ ದಡದಲ್ಲಿ ಬಿದ್ದಿದ್ದು, ಬಿಳಿ ಕೂದಲು ಉದುರಿಸಿ, ಹಸಿವಾದಾಗ ತಾನೇ ನೀರಿಗೆ ಇಳಿಯುತ್ತದೆ. ಈ ಮೂರು ವಾರದ ಲೆಕ್ಕದಲ್ಲಿ ಒಂದು ದಿನ ತಪ್ಪಿದರೂ ಮರಿಗೆ ಅಷ್ಟು ಕೊಬ್ಬು ಕಮ್ಮಿ. ತಾಯಿ ಮರಿಯನ್ನು ಗುರುತು ಹಿಡಿಯುವುದು ಹೆಚ್ಚಾಗಿ ವಾಸನೆಯಿಂದ. ಯಾರೋ ಮುದ್ದಾಗಿದೆ ಅಂತ ಹತ್ತಿರ ಹೋಗಿ, ತಾಯಿ ಬೆದರಿ ನೀರಿಗಿಳಿದು, ಮರಿಯನ್ನೇ ಬಿಟ್ಟುಬಿಟ್ಟರೆ ಮುಗಿಯಿತು ಕಥೆ.

ಬೇಲಿಯ ಬಳಿ ನನಗೆ ಆಶ್ಚರ್ಯವಾಗಿದ್ದು ಇದು. ನೂರಾರು ಜನ, ಮಕ್ಕಳ ಕೂಗು, ಕ್ಯಾಮೆರಾ ಸದ್ದು. ಸೀಲ್‌ಗಳು ಗೊರಕೆ ಹೊಡೆಯುತ್ತಿದ್ದವು. ಬೇರೆ ದಡಗಳಲ್ಲಿ ಇದೇ ಜಾತಿಯ ಸೀಲ್‌ಗಳು ಒಬ್ಬ ಮನುಷ್ಯ ನೀರಿನ ಕಡೆಯಿಂದ ನಡೆದು ಬಂದರೂ ಗುಂಪಾಗಿ ಸಮುದ್ರಕ್ಕೆ ನುಗ್ಗುತ್ತವೆ, ದಾರಿಯಲ್ಲಿ ಮರಿ ಇದ್ದರೂ ನೋಡಲ್ಲ. ವ್ಯತ್ಯಾಸ ಬೇಲಿಯಲ್ಲಿದೆ. ಮನುಷ್ಯರು ಯಾವಾಗಲೂ ಅದೇ ಕಡೆ, ಅದೇ ಗೆರೆಯ ಹಿಂದೆ, ಅವರು ಇದನ್ನು ದಾಟಲ್ಲ ಅಂತ ಸೀಲ್‌ಗಳಿಗೆ ಗೊತ್ತಾಗಿದೆ. ಹಿಂದೆ ಫೋಟೊಗ್ರಾಫರುಗಳು ಬೇಲಿಯಾಚೆ ದೂರದ ಮರಳಿಗೆ ನಡೆದು ಹೋಗುತ್ತಿದ್ದರಂತೆ, ಹಿನ್ನೆಲೆ ಚೆನ್ನಾಗಿ ಬರುತ್ತದೆ ಅಂತ. ಈಗ ಅಲ್ಲಿಗೆ ಹೋಗಬೇಡಿ ಅಂತ ಸ್ವಯಂಸೇವಕರು ಕೇಳಿಕೊಳ್ಳುತ್ತಾರೆ. ಕೋಡಿ ಬೆಂಗ್ರೆಯ ಬಲೆ ಎಳೆಯುವವರೂ ಒಂದು ಲೆಕ್ಕದಲ್ಲಿ ಬೇಲಿಯೇ. ದಿನವೂ ಅದೇ ಕೆಲಸ, ಅದೇ ಜಾಗ, ಹಕ್ಕಿಗಳ ಸುದ್ದಿಗೆ ಬರಲ್ಲ.

ಸೀಲ್ ಫೋಟೊಗಳಲ್ಲೂ ನನಗೆ ಅದೇ ತಕರಾರು. ತಲೆ ಎತ್ತಿ, ದೊಡ್ಡ ಕಣ್ಣು ಬಿಟ್ಟು, ಸೀದಾ ಲೆನ್ಸಿನೊಳಗೆ ನೋಡುವ ಸೀಲ್ ಎಲ್ಲರಿಗೂ ಇಷ್ಟ. ಮಲಗಿದ್ದ ಸೀಲ್ ತಲೆ ಎತ್ತಿ ನಿಮ್ಮನ್ನು ನೋಡಿತು ಅಂದರೆ ನೀವು ಹತ್ತಿರವಾದಿರಿ ಅಂತ. ಅಲ್ಲೇ ನಿಲ್ಲಬೇಕು. ಇನ್ನೊಂದು ಹೆಜ್ಜೆ ಇಟ್ಟರೆ ಮೈ ಸರಿಸುತ್ತದೆ, ಅದರಾಚೆ ನೀರಿಗೆ ಓಟ. ಕುತೂಹಲಕ್ಕೂ ನೋಡುತ್ತವೆ, ಇಲ್ಲ ಅನ್ನಲ್ಲ, ನೀರಿನಲ್ಲಿ ನೆಟ್ಟಗೆ ತೇಲುತ್ತಾ ದಡದವರನ್ನು ನೋಡುವ ಸೀಲ್‌ಗೆ ಭಯವೇನೂ ಇರಲ್ಲ, ಅದು ಅದರ ಮನೆ. ದಡದ ಮೇಲಿನ ಮಾತು ಬೇರೆ.

ಇದೆಲ್ಲ ದೂರದ ಕಥೆ ಅನ್ನುವವರು ಏಪ್ರಿಲ್‌ನಲ್ಲಿ ಲಕ್ಕವಳ್ಳಿಗೆ ಹೋಗಿ ನೋಡಬೇಕು. ನಮ್ಮ ಜಿಲ್ಲೆಗೆ ಸಮುದ್ರ ಇಲ್ಲದಿದ್ದರೂ ಭದ್ರಾ ಹಿನ್ನೀರು ಇದೆ. ಜಲಾಶಯ ತುಂಬಿದಾಗ 186 ಅಡಿ. ಬೇಸಿಗೆ ಬೆಳೆಗೆ ನೀರು ಬಿಟ್ಟು ಮಟ್ಟ ಇಳಿದಂತೆ ಮುಳುಗಿದ್ದ ಗುಡ್ಡಗಳ ನೆತ್ತಿ ಒಂದೊಂದಾಗಿ ನಡುಗಡ್ಡೆಯಾಗಿ ಏಳುತ್ತವೆ. ಆ ಬೋಳು ನಡುಗಡ್ಡೆಗಳಲ್ಲಿ ರಿವರ್ ಟರ್ನ್‌ಗಳು ಸಾವಿರಗಟ್ಟಲೆ ಸೇರುತ್ತವೆ. ಹಳದಿ ಕೊಕ್ಕು, ಕರಿ ಟೋಪಿ, ಕವಲೊಡೆದ ಉದ್ದ ಬಾಲ. ಗೂಡು ಅಂದರೆ ನೆಲದಲ್ಲಿ ಒಂದು ಸಣ್ಣ ಗುಳಿ, ಅದರಲ್ಲಿ ಎರಡು ಮೂರು ಮೊಟ್ಟೆ. ಕಲ್ಲು ಯಾವುದು ಮೊಟ್ಟೆ ಯಾವುದು ಗೊತ್ತಾಗಲ್ಲ. ಲೋಕದಲ್ಲೆಲ್ಲ ಈ ಹಕ್ಕಿ ಕಮ್ಮಿಯಾಗುತ್ತಿದೆ, ಹೊಳೆಗಳ ಮರಳು ದಿಣ್ಣೆಗಳಲ್ಲಿ ನಾಯಿ, ಕಾಗೆ, ಮರಳು ತೆಗೆಯುವವರು, ಅಣೆಕಟ್ಟಿನಿಂದ ಇದ್ದಕ್ಕಿದ್ದಂತೆ ಬಿಡುವ ನೀರು, ಎಲ್ಲ ಇದರ ಮೊಟ್ಟೆಗೇ ಬರುತ್ತವೆ. ಭದ್ರಾದಲ್ಲಿ ಸುತ್ತ ನೀರು ಇರುವುದರಿಂದ ನಾಯಿ ನರಿ ದಾಟಲ್ಲ. ದಾಟುವುದು ದೋಣಿ ಮಾತ್ರ.

ಏಪ್ರಿಲ್ ಮಧ್ಯಾಹ್ನ ಟರ್ನ್ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲು ಅಲ್ಲ, ನೆರಳು ಕೊಡಲು. ಅರ್ಧ ಎದ್ದು, ರೆಕ್ಕೆ ಸಡಿಲ ಬಿಟ್ಟು, ಬಾಯಿ ತೆರೆದು ಏದುಸಿರು ಬಿಡುತ್ತಾ ನಿಂತಿರುತ್ತದೆ. ಅದು ಎದ್ದು ಹೋದರೆ ಮೊಟ್ಟೆ ಬಿಸಿಲಿಗೆ. ದೋಣಿ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು. ನಾನು ಹೋದ ದೋಣಿಯಲ್ಲಿ ದೂರದಲ್ಲೇ ಎಂಜಿನ್ ಇಳಿಸಿದರು. ಹಿಂದೆ ಕೂತ ಒಬ್ಬರು "ಇನ್ನೂ ಸ್ವಲ್ಪ ಹತ್ತಿರ ಬಿಡ್ರೀ, ಒಂದ್ಸಲ ಎಲ್ಲ ಏಳ್ಲಿ" ಅಂದರು. ದೋಣಿಯವರು ಅವರ ಕಡೆ ತಿರುಗಿಯೂ ನೋಡದೆ "ಬಿಸಿಲು ನೋಡಿ ಸಾರ್ ಹೆಂಗಿದೆ" ಅಂದರು. ಅಷ್ಟೇ. ಎಲ್ಲ ದೋಣಿಯಲ್ಲೂ ಹೀಗೆ ಹೇಳುವವರು ಇರುತ್ತಾರೆ ಅನ್ನೋಕಾಗಲ್ಲ, ದುಡ್ಡು ಕೊಟ್ಟು ಬಂದವರ ಮಾತು ಮೀರುವುದು ಸುಲಭವೂ ಅಲ್ಲ. ಅದಕ್ಕೇ ಕೇಳುವವರು ಕೇಳಬಾರದು.

ಅಲ್ಲಿ ನೀರುನಾಯಿಗಳೂ ಇವೆ. ಸಂಸಾರ ಸಮೇತ ದಡದಲ್ಲಿ ಹೊರಳಾಡಿ ಮೈ ಒಣಗಿಸಿಕೊಳ್ಳುವುದನ್ನು ನೋಡಿದಾಗ ನನಗೆ ಡೋನಾ ನೂಕ್ ನೆನಪಾಯಿತು. ಆದರೆ ಅವು ಒಂದು ಕಡೆ ನಿಲ್ಲುವ ಜಾತಿಯಲ್ಲ, ನನ್ನ ಹತ್ತಿರ ಇರುವುದೆಲ್ಲ ಬಾಲದ ಫೋಟೊಗಳೇ.

ಕ್ಯಾಮೆರಾ ಬಗ್ಗೆ ಕೇಳುವವರಿಗೆ ಎರಡು ಮಾತು. ಟರ್ನ್‌ನ ಕಣ್ಣು ಅದರ ಕರಿ ಟೋಪಿಯೊಳಗೇ ಇರುವುದರಿಂದ ಫೋಟೊದಲ್ಲಿ ಕಣ್ಣು ಕಳೆದುಹೋಗುತ್ತದೆ. ಸೂರ್ಯ ನಿಮ್ಮ ಬೆನ್ನ ಹಿಂದೆ, ಕೆಳಗೆ ಇದ್ದಾಗ ಮಾತ್ರ ಕಣ್ಣಲ್ಲಿ ಒಂದು ಚುಕ್ಕೆ ಹೊಳೆಯುತ್ತದೆ. ಕಪ್ಪು ನೀರಿನ ಮೇಲೆ ಬಿಳಿ ಹಕ್ಕಿ ಬಂದರೆ ಎಕ್ಸ್‌ಪೋಷರ್ ಇಳಿಸಿ, ಇಲ್ಲದಿದ್ದರೆ ರೆಕ್ಕೆ ಸುಣ್ಣ ಬಳಿದಂತಾಗುತ್ತದೆ. ಒಂಬತ್ತೂವರೆ ಹತ್ತರ ಮೇಲೆ ಕಾದ ಮರಳಿನಿಂದ ಗಾಳಿ ಕುದಿಯಲು ಶುರುವಾಗುತ್ತದೆ. ಆಮೇಲೆ ಎಷ್ಟು ಲಕ್ಷದ ಲೆನ್ಸ್ ಇದ್ದರೂ ದೂರದ ಹಕ್ಕಿ ಮಸುಕೇ, ತಿಂಡಿಗೆ ಹೋಗುವುದು ಒಳ್ಳೆಯದು. ಉಪ್ಪು ಗಾಳಿ ತಾಗಿದ ಕ್ಯಾಮೆರಾವನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ, ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಲ್ಲಿ ಒರೆಸಿ. ಘಾಟಿ ಹತ್ತಿ ಮನೆಗೆ ಬಂದ ಮೇಲೆ ನಮಗೆ ಬೇರೆ ಶತ್ರು: ಬೂಸ್ಟು. ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಲೆನ್ಸಿಗೆ ಶಿಲೀಂಧ್ರ ಹಿಡಿಯದೆ ಉಳಿದರೆ ಪುಣ್ಯ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಅದನ್ನು ಆಗಾಗ ಬಿಸಿ ಮಾಡಿ ಒಣಗಿಸುವುದು, ಇಷ್ಟಾದರೂ ಮಾಡಬೇಕು.

ಈ ಸಲ ಜೂನ್‌ನಲ್ಲಿ ಕಾಪುವಿಗೆ ಹೋಗಬೇಕು ಅಂತಿದೆ. ಮುಂಗಾರಿನ ಗಾಳಿ ಜೋರಾದಾಗ ನಡುಗಡಲಲ್ಲೇ ಬದುಕುವ ಸೂಟಿ ಟರ್ನ್, ಬ್ರೈಡಲ್ಡ್ ಟರ್ನ್, ನಾಡ್ಡಿ (noddy) ಅನ್ನುವಂಥ ಹಕ್ಕಿಗಳು ದಡದ ಹತ್ತಿರ ತಳ್ಳಿಕೊಂಡು ಬರುತ್ತವೆ. ಕೆಲವು ಸುಸ್ತಾಗಿ ಮರಳಲ್ಲೇ ಕೂತುಬಿಡುತ್ತವೆ. ಅಂಥದ್ದು ಕಂಡರೆ ಹಿಡಿದು ವಾಪಸ್ ಸಮುದ್ರಕ್ಕೆ ಎಸೆಯಬೇಡಿ. ಅದು ದಡಕ್ಕೆ ಬಂದಿದ್ದೇ ಹಾರಲಾರದೆ. ನಾಯಿ ಬರದ ಹಾಗೆ ನೋಡಿಕೊಂಡು ಅರಣ್ಯ ಇಲಾಖೆಗೆ ಫೋನ್ ಮಾಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಟ್ರಾಲರ್‌ಗಳೆಲ್ಲ ಬಂದರಿನಲ್ಲಿ, ದಡವೂ ಖಾಲಿ. ತೋಟದಲ್ಲಿ ಕೊಯ್ಲೂ ಇರಲ್ಲ, ಹಾಗಾಗಿ ಅಣ್ಣನದು ತಕರಾರಿಲ್ಲ. ತಕರಾರು ಇರುವುದು ಚಾರ್ಮಾಡಿಯದು. ಗುಡ್ಡ ಕುಸಿದು ಮುಚ್ಚಿದರೆ ಕುದುರೆಮುಖದ ಮೇಲೆ ಸುತ್ತಿ ಕಾರ್ಕಳಕ್ಕೆ ಇಳಿಯಬೇಕು, ಬೇಗ ಹೊರಡಬೇಕಾಗುತ್ತದೆ.